ಚಳಿಯಿಲ್ಲದ ಊರಿನ ಕೈಗವಸು

ಕಿಟಕಿಯ ಸರಳಿಗೆ ಮೂರು ಜೊತೆ ಕೈಗವಸು ಒಣಗಲು ಹಾಕಿದ್ದೇವೆ. ಒಂದು ಉಣ್ಣೆಯದು, ಒಂದು ಮೋಟರ್‌ಸೈಕಲ್ ಸವಾರರದು. ಮೂರನೆಯದು ಮೊಬೈಲಿನಲ್ಲಿ ತರಿಸಿದ್ದು, ಯಾವ ಕೆಲಸಕ್ಕೆ ಎಂದು ಅದನ್ನು ಮಾರಿದವರಿಗೂ ಗೊತ್ತಿದ್ದಂತಿಲ್ಲ. ಹೊಸ ರಬ್ಬರು ಮತ್ತು ಹಳೆಯ ಬೆವರು ಕೂಡಿದ ವಾಸನೆ ಕೋಣೆಯೆಲ್ಲ ತುಂಬಿದೆ. ಅದು ಮೂಗಿಗೆ ಬಡಿದಾಗಲೆಲ್ಲ ಈ ಜನವರಿಯ ಸಿಟ್ಟು ನನಗೆ ಇನ್ನೊಮ್ಮೆ ಏರುತ್ತದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನನ್ನ ಕಷ್ಟ ಕೇಳಿ.

ರಾಯಚೂರಿನಲ್ಲಿ ಚಳಿ ಎಂದರೆ ಯಾರೂ ನಂಬುವುದಿಲ್ಲ. ನಂಬುವವರೂ ಕಿವಿಗೆ ಟವೆಲ್ ಸುತ್ತಿಕೊಂಡು ಸುಮ್ಮನಾಗುತ್ತಾರೆ. ಥಂಡಿ ಮೈಯೊಳಗೆ ಹೋಗುವುದು ಕಿವಿಯ ಬಾಗಿಲಿನಿಂದ ಮಾತ್ರ ಎಂಬುದು ನಮ್ಮ ಕಡೆಯ ಸಿದ್ಧಾಂತ. ಕೈಯ ಸುದ್ದಿ ಯಾರಿಗೂ ಬೇಕಿಲ್ಲ. ಆದರೆ ನಸುಕಿನಲ್ಲಿ ಸೈಕಲ್ ಹತ್ತಿ ಮಾನ್ವಿ ರಸ್ತೆ ಹಿಡಿದು ನೋಡಿ. ಊರು ದಾಟಿ ನೀರು ನಿಂತ ಗದ್ದೆಗಳು ಬಂದ ಕೂಡಲೇ ಗಾಳಿ ಬೆರಳ ಸಂದಿಗೆ ಹೊಗುತ್ತದೆ. ಮೊದಲು ಚುರುಗುಟ್ಟುತ್ತದೆ, ಆಮೇಲೆ ಬೆರಳು ಇವೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕು. ಇನ್ನು ದಪ್ಪ ಗವಸು ಹಾಕೋಣವೆಂದರೆ, ತಿರುಗಿ ಬರುವ ಹೊತ್ತಿಗೆ ನಮ್ಮ ಸೂರ್ಯ ಎದ್ದು ಕೂತಿರುತ್ತಾನೆ, ಗವಸಿನೊಳಗೆ ಕೈ ಕುದಿಯುತ್ತದೆ. ಹೋಗುವಾಗ ಒಂದು ಹವೆ, ಬರುವಾಗ ಒಂದು ಹವೆ. ಇಂಥ ಅರೆಬರೆ ಚಳಿಗೆ ಗವಸು ಹೊಲಿಯುವವರು ಯಾರು?

ಈ ವಯಸ್ಸಿನಲ್ಲಿ ಸೈಕಲ್ ಯಾಕೆ ಎಂದು ನೀವು ಕೇಳಬಹುದು. ಡಾಕ್ಟರು ಸಕ್ಕರೆ ಕಾಯಿಲೆ ಬಂತು ಎಂದರು, ಅದು ನೆಪ. ನಿಜ ಹೇಳಬೇಕೆಂದರೆ, ನನ್ನ ಜೀವನದಲ್ಲಿ ನಾನು ಕೊಂಡ ಮೊದಲ ಹೊಸ ಸೈಕಲ್ ಅದು. ಅದಕ್ಕೂ ಮೊದಲು ತುಳಿದದ್ದೆಲ್ಲ ಬೇರೆಯವರು ತುಳಿದು ಬಿಟ್ಟವು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ ದಿನವಿಡೀ ಮಾತಾಡುವ ನನಗೆ, ಬಾಯಿ ಮುಚ್ಚಿಕೊಂಡಿರುವ ಹೊತ್ತು ಅದೊಂದೇ.

ಅದೂ ಕೈಬಿಡುವ ಹಂತಕ್ಕೆ ಬಂದದ್ದು ಹೀಗೆ. ಆ ದಿನ ಉಣ್ಣೆಯ ಗವಸು ಹಾಕಿದ್ದೆ. ಮಾನ್ವಿ ರಸ್ತೆಯಲ್ಲಿ ಅರ್ಧ ಡಾಂಬರು ವಾಹನಕ್ಕೆ, ಇನ್ನರ್ಧ ಭತ್ತ ಒಣಹಾಕುವುದಕ್ಕೆ. ಎದುರಿಗೆ ಲಾರಿ ಬಂತು. ಬ್ರೇಕ್ ಹಿಡಿದೆ. ಉಣ್ಣೆ ಜಾರಿತು, ಬೆರಳು ಗವಸಿನೊಳಗೇ ಏನನ್ನೋ ಹಿಡಿಯಿತು, ಬ್ರೇಕನ್ನಲ್ಲ. ಸೈಕಲ್ ನೆಟ್ಟಗೆ ಭತ್ತದ ರಾಶಿಯೊಳಗೆ ಹೋಯಿತು, ಹಿಂದೆಯೇ ನಾನು. ರಾಶಿಯ ಒಡೆಯ ಕಂಬಳಿಯೊಳಗಿನಿಂದ ಎದ್ದು, ನನ್ನನ್ನು ಕೈಹಿಡಿದು ಎಬ್ಬಿಸಿ, "ಮಾಸ್ತರ ಇದ್ದಂಗ ಕಾಣ್ತೀರಿ. ಸಾಲ್ಯಾಗ ಬ್ರೇಕ್ ಹಿಡಿಯೂದು ಕಲಸಂಗಿಲ್ಲೇನ್ರಿ?" ಎಂದ.

ಮನೆಯಲ್ಲಿ ಶರಣಮ್ಮ, ನನ್ನ ಹೆಂಡತಿ, ನನ್ನ ಕಾಲರಿನಿಂದ ಭತ್ತದ ಕಾಳು ಆರಿಸುತ್ತ ಎಲ್ಲ ಬಾಯಿಬಿಡಿಸಿದಳು. ಕೂಗಾಡಲಿಲ್ಲ, ಅದೇ ಹೆದರಿಕೆ.

"ನೋಡ್ರಿ, ಇವತ್ತು ಭತ್ತ ಇತ್ತು, ನಾಳೆ ಲಾರಿ ಇರ್ತದ. ಬರೂ ಐತಾರದೊಳಗ ಬ್ರೇಕ್ ಹಿಡಿಯೂ ಕೈ ತೊಗೊಂಬರ್ರಿ. ಇಲ್ಲಾಂದ್ರ ಸೈಕಲ್ ಕವಿತಾಳಕ್ಕ ಹೋತು ಅಂತ ತಿಳ್ಕೋರಿ. ನಮ್ಮ ತಮ್ಮ ಕೇಳಾಕತ್ತಾನ."

ಕವಿತಾಳದಲ್ಲಿರುವ ಅವಳ ತಮ್ಮ, ನಾನು ಸೈಕಲ್ ಕೊಂಡ ದಿನದಿಂದಲೂ ಕೇಳುತ್ತಿದ್ದಾನೆ. ಕೊಟ್ಟರೂ ಅವನು ತುಳಿಯುವುದಿಲ್ಲ, ತನ್ನ ಅಂಗಡಿ ಮುಂದೆ ಚಂದಕ್ಕೆ ನಿಲ್ಲಿಸುತ್ತಾನೆ. ಶರಣಮ್ಮ ಹೇಳಿದ್ದನ್ನು ಮಾಡದೆ ಬಿಟ್ಟ ದಾಖಲೆ ನಮ್ಮ ಮನೆಯ ಇತಿಹಾಸದಲ್ಲಿ ಇಲ್ಲ.

ಹೊರಟೆ. ಆಟದ ಸಾಮಾನಿನ ಅಂಗಡಿಯಲ್ಲಿ ವಿಕೆಟ್ ಕೀಪರ್‌ನ ಗವಸು ತೋರಿಸಿದರು. "ಸೈಕಲ್ಲಿಗ್ರೀ" ಎಂದೆ. "ಇವು ಭಾಳ ಬೆಚ್ಚಗ ಇರ್ತಾವ್ರಿ ಸರ" ಎಂದರು. ಮೋಟರ್‌ಸೈಕಲ್ ಸಾಮಾನಿನವನು ಗೆಣ್ಣಿನ ಮೇಲೆ ಪ್ಲಾಸ್ಟಿಕ್ ಚಿಪ್ಪು ಕೂರಿಸಿದ ಒಂದು ಜೊತೆ ಕೊಟ್ಟ. ಅದನ್ನು ಹಾಕಿಕೊಂಡರೆ ಯಾರನ್ನೋ ಬಡಿಯಲು ಹೊರಟಂತೆ ಕಾಣುತ್ತಿದ್ದೆ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ಚಿತ್ರಗಳಲ್ಲೂ ಹಿಮದ ಬೆಟ್ಟ. ಬೆರಳಿಲ್ಲದ್ದು ಬೇಸಿಗೆಗೆ, ಬೆರಳಿದ್ದದ್ದು ಹಿಮಕ್ಕೆ. ಆದರೂ ಕೊನೆಗೆ ಒಂದು ಜೊತೆ ತರಿಸಿದೆ. ಹಾಕಿ ತುಳಿದೆ. ಅದೇ ಹಾಡು: ಮಣಿಕಟ್ಟಿನಿಂದ ಗಾಳಿ ಒಳಗೆ, ಬ್ರೇಕಿನ ಮೇಲೆ ಬೆರಳು ಹೊರಳಾಟ. ಗವಸು ಮಾಡುವವರ ವಂಶವನ್ನೆಲ್ಲ ಬೈದೆ.

ಶನಿವಾರ ಸಂಜೆ ಶರಣಮ್ಮ ಬಟ್ಟೆ ಒಗೆಯುತ್ತ ಈ ಮೂರನ್ನೂ ಬಕೆಟ್ಟಿಗೆ ಹಾಕಿದಳು. ಹಿಂಡುವಾಗ ಒಂದರ ಬೆರಳ ತುದಿ ಹಿಡಿದು ಜಗ್ಗಿ, ನನ್ನ ಕೈ ಎಳೆದುಕೊಂಡು ಅದರ ಪಕ್ಕ ಇಟ್ಟಳು. ಇನ್ನೆರಡನ್ನೂ ಇಟ್ಟು ನೋಡಿದಳು.

"ಅಲ್ರೀ, ಇದರಾಗ ಇನ್ನೊಬ್ಬರ ಬೆರಳೂ ಹಿಡಸ್ತಾವಲ್ರೀ! ಯಾರ ಅಳತಿ ಕೊಟ್ಟು ತಂದೀರಿ?"

"ನಂದೇ. ಒಂದು ಸೈಜು ದೊಡ್ಡದಿರ್ಲಿ ಅಂತ ತೊಗೊಂಡೆ."

"ಯಾಕ? ಇನ್ನಾ ಬೆಳಿಯಾವ್ರು ಅದೀರೇನು?"

ಅವಳು ನಗುತ್ತ ಬಕೆಟ್ ಎತ್ತಿಕೊಂಡು ಹೋದಳು. ನಾನು ಅಲ್ಲೇ ಕೂತೆ.

ನಮ್ಮೂರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಮಗ್ಗುಲಿನದು. ಅಪ್ಪ ಕೂಲಿಯವನು. ವರ್ಷಕ್ಕೊಮ್ಮೆ ನನ್ನ ಪಾದದ ಉದ್ದಕ್ಕೆ ದಾರ ಹಿಡಿದು, ಅದಕ್ಕೆ ತನ್ನ ಎರಡು ಬೆರಳಿನಷ್ಟು ಸೇರಿಸಿ ಗಂಟು ಹಾಕಿ, ಚಪ್ಪಲಿ ತರಲು ದೇವದುರ್ಗದ ಸಂತೆಗೆ ಹೋಗುತ್ತಿದ್ದ. ನಾನು ಜೊತೆಗೆ ಹೋದರೂ ಅಷ್ಟೇ, ಅಂಗಡಿಯವನಿಗೆ ಕಾಲು ತೋರಿಸುವಂತಿಲ್ಲ, ದಾರವನ್ನೇ ತೋರಿಸಬೇಕು. "ಇದರ ಪರಕಾರ ಕೊಡ್ರಿ ಸಾವ್ಕಾರ್ರ, ಹುಡುಗ ಬೆಳಿತಾನ." ಚಪ್ಪಲಿಯ ಸಡಿಲ ಪಟ್ಟಿಗೆ ಅವ್ವ ಚಿಂದಿ ಸುತ್ತುತ್ತಿದ್ದಳು. ಸಾಲೆಯ ಚಡ್ಡಿಗೆ ಉಡದಾರವೇ ಬೆಲ್ಟು. ಬರೋಬ್ಬರಿ ಆಗುವ ಹೊತ್ತಿಗೆ ಚಪ್ಪಲಿಯ ಉಂಗುಷ್ಠ ಕಿತ್ತಿರುತ್ತಿತ್ತು, ಚಡ್ಡಿಯ ಕುಂಡೆ ಹರಿದಿರುತ್ತಿತ್ತು. ಅಂದರೆ ನನ್ನ ಅಳತೆಗೆ ಸರಿಯಾದದ್ದನ್ನು ನಾನು ಹಾಕಿಕೊಂಡದ್ದೇ ಇಲ್ಲ. ದೊಡ್ಡದಿರುತ್ತಿತ್ತು, ಇಲ್ಲವೇ ಹರಿದಿರುತ್ತಿತ್ತು.

ಮಾನ್ವಿಯಲ್ಲಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಸಹಿ ಹಾಕಲು ಕಲಿತವರೇ ಕಡಿಮೆ, ಅದರಲ್ಲಿ ನಾನು ಪದವೀಧರ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ಫೋಟೋ ಸ್ಟುಡಿಯೋದಲ್ಲಿ ಪಾಸಾದವರಿಗೆಲ್ಲ ಸೇರಿ ಒಂದೇ ಕೋಟು ಇತ್ತು. ಫೋಟೋದಲ್ಲಿ ನನ್ನ ಮುಖವಿದೆ, ಬೆರಳಿಲ್ಲ, ಕೋಟಿನ ತೋಳು ಅವನ್ನು ನುಂಗಿದೆ. ಅಪ್ಪನಿಗೆ ತೋರಿಸಿ, "ಕೋಟು ದೊಡ್ಡದಾತು ಯಪ್ಪಾ" ಎಂದೆ. ಅವನು ಫೋಟೋವನ್ನು ದೂರ ಹಿಡಿದು ನೋಡಿ, "ಇರ್ಲಿ ಬಿಡಪ, ನೌಕರಿ ಹತ್ತಿದ ಮ್ಯಾಲ ತುಂಬತೀ" ಎಂದ.

ಆಮೇಲೆ ಎಂ.ಎ. ಕೂಡ ಮಾಡಿದೆ, ನೌಕರಿ ಹತ್ತಿತು. ಹೊಟ್ಟೆಯೂ ತುಂಬಿತು, ಸಕ್ಕರೆಯೂ ಬಂತು. ನಾನು ಮಾತ್ರ ಇಂದಿಗೂ ಅಂಗಿ, ಬೂಟು, ಹೆಲ್ಮೆಟ್ಟು ಎಲ್ಲದಕ್ಕೂ ಎರಡು ಬೆರಳು ಸೇರಿಸಿಯೇ ಕೇಳುತ್ತಿದ್ದೇನೆ. ಅಪ್ಪನನ್ನು ಬೈಯುವುದಿಲ್ಲ, ಅವನಿಗೆ ಬೇರೆ ದಾರಿ ಇರಲಿಲ್ಲ. ಆದರೆ ಬಕೆಟ್ ಎತ್ತಿದ ಆ ಹಸಿ ಜಾಗದಲ್ಲಿ ಕೂತಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಳೆಯುವುದು ನಿಂತು ಎಷ್ಟು ಕಾಲವಾಯಿತು! ಒಬ್ಬರಾದರೂ ಹೇಳಬಾರದಿತ್ತೇ?

ಎದ್ದು, ಇಷ್ಟು ದಿನ ಹೊಳೆಯದೇ ಇದ್ದ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು ಒಳಗಿನಿಂದ ಒಂದು ತೆಳ್ಳನೆಯದನ್ನು ತೆಗೆದ. ಪೂರಾ ಬೆರಳು, ಮೇಲ್ಭಾಗಕ್ಕೆ ಗಾಳಿ ತಡೆಯುವ ಬಟ್ಟೆ, ಅಂಗೈಗೆ ರಬ್ಬರಿನ ಚುಕ್ಕಿ. ನಮ್ಮ ಅರೆಬರೆ ಚಳಿಗೆ ಇಷ್ಟೇ ಸಾಕಿತ್ತು. ಹಾಕಿಕೊಂಡೆ. ಬೆರಳ ತುದಿಗೆ ಬಟ್ಟೆ ತಾಗಿತು. ಬಿಗಿ ಅನಿಸಿತು, ಏನೋ ತಪ್ಪು ಮಾಡುತ್ತಿದ್ದೇನೆ ಅನಿಸಿತು.

"ಒಂದ್ ಸೈಜ್ ದೊಡ್ಡದ್ ಕೊಡ್ಲೇನ್ರಿ ಸರ?" ಎಂದ ಅಂಗಡಿಯವನು. "ಆರಾಮ ಇರ್ತಾವ."

ಹೂಂ ಎನ್ನಲು ನನ್ನ ತಲೆ ಆಗಲೇ ಬಾಗಿತ್ತು. ಎತ್ತಿ ನಿಲ್ಲಿಸಿದೆ.

"ಬ್ಯಾಡ್ರಿ. ನನಗ ಬರೋಬ್ಬರಿ ಆಗೂದು ಬೇಕು."

"ಒಗದ್ರ ಜಗ್ಗತಾವ ನೋಡ್ರಿ ಮತ್ತ."

"ಜಗ್ಗಲಿ. ಬರೋಬ್ಬರೀದ ಕೊಡ್ರಿ ಅಂದ್ನೆಲ್ಲಾ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಕೂಗುವ ಮಾತೇನೂ ಆಗಿರಲಿಲ್ಲ.

ಇಂದು ಭಾನುವಾರ, ಗಡುವಿನ ಐತಾರ. ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವಷ್ಟರಲ್ಲಿ ಶರಣಮ್ಮ ಓಣಿಯ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಆ ತುದಿಯಿಂದ ಬರ್ರಿ. ಜೋರ್ಲೆ ಬರ್ರಿ."

"ಬಾಜೂಕ ಸರಿ. ಹುಚ್ಚಿ ಅದೀ ಏನು?"

"ಬ್ರೇಕ್ ನಿಮ್ಮ ಕೈಯಾಗ ಅದ. ನಾ ಯಾಕ ಸರೀಲಿ?"

ಎದುರು ಮನೆಯ ಅಜ್ಜಿ ಹಲ್ಲುಜ್ಜುವುದನ್ನು ನಿಲ್ಲಿಸಿದಳು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕೈಗೆ ಹತ್ತುತ್ತಿರಲಿಲ್ಲ. ತುಳಿದೆ. ಅವಳು ಅಲ್ಲಾಡಲಿಲ್ಲ. ಹತ್ತಿರ ಬಂದಾಗ ಬೆರಳು ಮಡಿಚಿದೆ. ಮಡಿಚಿದ ಬೆರಳಿಗೆ ಬ್ರೇಕು ನೇರವಾಗಿ ಸಿಕ್ಕಿತು. ಮುಂದಿನ ಗಾಲಿ ಅವಳ ಸೀರೆಯ ಅಂಚಿಗೆ ತಾಗದೆ ನಿಂತಿತು.

ಅವಳು ಏನೂ ಮೆಚ್ಚಿಕೊಳ್ಳಲಿಲ್ಲ. ಹ್ಯಾಂಡಲ್ ಮೇಲಿದ್ದ ನನ್ನ ಕೈಯ ಒಂದೊಂದೇ ಬೆರಳ ತುದಿಯನ್ನು, ಕಾಯಿ ಬಲಿತಿದೆಯೋ ಇಲ್ಲವೋ ನೋಡುವಂತೆ, ಚಿವುಟಿ ನೋಡಿದಳು.

"ಹ್ಞಾಂ," ಎಂದಳು, "ತುದೀತನಕ ನೀವೇ ಅದೀರಿ."

ಆಮೇಲೆ ಬಾಜೂಕ ಸರಿದು ದಾರಿ ಬಿಟ್ಟಳು.