ಅಡಿಗೆಮನೆಗೆ ಬಂದ ವಿಮಾನದ ಜಿಪಿಎಸ್

ನನ್ನ ಬಳಿ ವಿಮಾನವಿಲ್ಲ. ವಿಮಾನಕ್ಕೆ ದಾರಿ ತೋರಿಸುವ ಯಂತ್ರವನ್ನು ಮಾತ್ರ ಕೊಂಡಿದ್ದೇನೆ. ಕುದುರೆಗಿಂತ ಮೊದಲು ಲಾಳ ಕೊಂಡವರನ್ನು ನೋಡಿ ನಾನೂ ನಕ್ಕಿದ್ದೇನೆ. ಆದರೆ ಅವರ ಲಾಳ ಕನಿಷ್ಠಪಕ್ಷ ಬ್ಯಾಟರಿ ಕೇಳುತ್ತಿರಲಿಲ್ಲ.

ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ ಅದು. ಅಂಗೈಗಿಂತ ತುಸು ದೊಡ್ಡದು. ಸಣ್ಣ ವಿಮಾನ ಹಾರಿಸುವವರು ಕಣ್ಣೆದುರು ಸಿಕ್ಕಿಸಿಕೊಳ್ಳುವಂಥದ್ದು. ಹತ್ತಿರದ ವಿಮಾನ ನಿಲ್ದಾಣ ಎಷ್ಟು ದೂರ, ನೀವು ಎಷ್ಟು ಎತ್ತರದಲ್ಲಿದ್ದೀರಿ, ನೆಲ ಎಷ್ಟು ಸಮೀಪಿಸಿದೆ ಎಂದೆಲ್ಲ ಹೇಳುತ್ತದೆ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಅದನ್ನೊಮ್ಮೆ ಚಾಲೂ ಮಾಡಿದೆ. ಪರದೆ ತುಂಬ ಕೆಂಪು! ನೆಲ ಅಪಾಯಕರವಾಗಿ ಹತ್ತಿರದಲ್ಲಿದೆ ಎಂದು ಅದರ ಅರ್ಥ. ನಮ್ಮ ರಸ್ತೆಯ ತಗ್ಗುಗಳನ್ನು ಬಲ್ಲ ಯಾರೂ ಇದನ್ನು ಸುಳ್ಳು ಎನ್ನಲಾರರು.

ಇಂಥದ್ದನ್ನು ಯಾಕೆ ಕೊಂಡೆ ಎನ್ನುತ್ತೀರಿ. ಹೇಳುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಎದುರಾಳಿಯ ವಾದ ಯಾವ ಕಾಲಿನಲ್ಲಿ ಕುಂಟುತ್ತದೆ ಎಂದು ನೋಡುವುದು ರೂಢಿಯಾಗಿ, ಈಗ ಹಲ್ಲಿ ಲೊಚಗುಟ್ಟಿದರೂ ಅದಕ್ಕೆ ಮರುಪ್ರಶ್ನೆ ಹಾಕಬೇಕೆನಿಸುತ್ತದೆ. ಮನೆಯವರು ನನ್ನೆದುರು ಶಕುನದ ಮಾತೆತ್ತುವುದಿಲ್ಲ. ಬಹಳ ದಿನ ಅದನ್ನು ಗೌರವ ಎಂದುಕೊಂಡಿದ್ದೆ. ದಣಿವು ಎಂದು ಆಮೇಲೆ ತಿಳಿಯಿತು.

ಲಕ್ಷ್ಮೇಶ್ವರದಲ್ಲಿ ಶೇಂಗಾ ವ್ಯಾಪಾರ ಮಾಡುವ ನಮ್ಮ ಕಾಕಾ ಹೊಸ ಮನೆ ಕಟ್ಟಿಸಿದ. ಆ ಮನೆಯ ಅಡಿಗೆಕಟ್ಟೆಯ ಎದುರಿಗೇ ರಸ್ತೆ ಕಾಣುವ ಒಂದು ದೊಡ್ಡ ಕಿಟಕಿ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ರೊಟ್ಟಿ ಬಡಿಯುತ್ತಲೇ ಶಿರಹಟ್ಟಿಯ ಬಸ್ಸಿಳಿದವರು ಯಾರು, ಯಾರ ಮನೆಗೆ ಬೀಗರು ಬಂದರು, ಯಾರ ಸೊಸೆ ಮುಖ ಊದಿಸಿಕೊಂಡು ಗಿರಣಿಗೆ ಹೊರಟಳು, ಎಲ್ಲವನ್ನೂ ತಿಳಿಯುತ್ತಿದ್ದಳು. ಅಷ್ಟರಲ್ಲಿ ಕಾಕಾನ ಸೊಂಟ ಹಿಡಿಯಿತು. ಶೇಂಗಾದ ಚೀಲ ಎತ್ತಿದ ಮರುದಿನವೇ ಹಿಡಿಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಾಸ್ತು ನೋಡುವವರೊಬ್ಬರನ್ನು ಕರೆಸಿದರು. ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿ, ತಾಮ್ರದ ಕಡ್ಡಿ ಹಿಡಿದು ಬಂದ ಅವರನ್ನು ಎಲ್ಲರೂ ಸರ್ ಎನ್ನುತ್ತಾರೆ. ಸರ್ ಕಡ್ಡಿ ತಿರುಗಿಸಿ, ಕಿಟಕಿಯ ಗೋಡೆ ಪೂರ್ವ ಬಿಟ್ಟು ಆಗ್ನೇಯಕ್ಕೆ ವಾಲಿದೆ, ಕಿಟಕಿ ಮುಚ್ಚಿ ಅಡಿಗೆಕಟ್ಟೆಯನ್ನು ಒಳಗೋಡೆಗೆ ಸರಿಸಬೇಕು ಎಂದರು. ಸೋಮವಾರ ಬಂದು ಗೋಡೆ ಕಟ್ಟಲು ಗೌಂಡಿಗೂ ಹೇಳಿಯಾಯಿತು.

ಚಿಗವ್ವ ನನಗೆ ಫೋನು ಮಾಡಿದಳು.

“ಊರ ಮಂದಿ ಮುಂದ ಭಾಷಣಾ ಮಾಡತಿಯಲ್ಲ, ನಿಮ್ಮ ಕಾಕಾನ ಮುಂದ ಒಂದೀಟ ಮಾಡವ್ವಾ. ಇಷ್ಟ ವರ್ಷ ಒಲಿ ಹೊಗಿ ನೋಡಿದೆ. ಈಗ ಸ್ವಲ್ಪ ಮಂದಿ ಮಾರಿ ನೋಡೂಣು ಅಂದ್ರ ಅದಕೂ ದಿಕ್ಕ ಅಡ್ಡ ಬಂತು ನೋಡು.”

ನಾನು ಭಾಷಣ ಮಾಡಿದೆ. ಕಾಕಾ ಪೂರ್ತಿ ಕೇಳಿ ಚಹಾ ತರಿಸಿದ. ಅವನಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆಯಿಲ್ಲ, ವ್ಯಾಪಾರಿ. ಹಾಗಾದರೆ ಫೋನಿನಲ್ಲೇ ದಿಕ್ಕು ನೋಡೋಣ ಎಂದೆ.

“ಆ ಫೋನ ದಿನಾ ಮುಂಜಾನೆದ್ದು ನಿನಗ ಲಾಟರಿ ಹತ್ತೇತಿ ಅಂತೈತಿ. ಅದು ಹೇಳಿದ ದಿಕ್ಕ ನಂಬಲೇನು?” ಎಂದ.

ಲಕ್ಷ್ಮೇಶ್ವರದ ಹಳೆಯ ಗುಡಿಗಳನ್ನು ಕಟ್ಟಿದವರು ನೆಲಕ್ಕೊಂದು ಗೂಟ ನೆಟ್ಟು, ಬೆಳಗಿನ ನೆರಳಿನ ತುದಿಗೂ ಸಂಜೆಯ ನೆರಳಿನ ತುದಿಗೂ ಗೆರೆ ಎಳೆದು ಪೂರ್ವವನ್ನು ಹಿಡಿದಿರಬೇಕು. ನಾವೂ ಒಂದು ಗೂಟ ನೆಡೋಣ ಎಂದೆ. ಇಷ್ಟು ಸಿಮೆಂಟು ಸುರಿದ ಮೇಲೆ ಗೂಟದ ಮಾತು ಯಾರು ಕೇಳುತ್ತಾರೆ ಎಂದ.

“ಯಾವದರ ದೊಡ್ಡ ಮಿಶಿನ್ ಹೇಳಲಿ, ಕೇಳತೀನಿ.”

ದೊಡ್ಡದು ಎಂಬ ಕಾರಣಕ್ಕೇ ಯಾವುದನ್ನೂ ನಂಬಬಾರದು ಎಂದು ವೇದಿಕೆಯ ಮೇಲೆ ಗಂಟಲು ಹರಿದುಕೊಂಡವಳು ನಾನು. ಆ ರಾತ್ರಿಯೇ ಮೊಬೈಲಿನಲ್ಲಿ ದೊಡ್ಡ ಮಿಶಿನ್ ಹುಡುಕಿದೆ. ಹಳೆ ಸಾಮಾನು ಮಾರುವ ಜಾಹೀರಾತುಗಳ ನಡುವೆ, ಬೆಟಗೇರಿಯಲ್ಲಿಯೇ ವಿಮಾನದ ಜಿಪಿಎಸ್ ಸಿಕ್ಕಿತು!

ಮಾರುವವರು ಸೀರೆ ಅಂಗಡಿಯವರು. ಪೈಲಟ್ ಆಗಬೇಕೆಂದು ದೂರದ ಊರಿಗೆ ಕಲಿಯಲು ಹೋಗಿ, ಮೇಲೆ ಹೋದರೆ ಹೊಟ್ಟೆ ತೊಳಸುತ್ತದೆ ಎಂದು ತಿಳಿದು ತಿರುಗಿ ಬಂದವರು. ಯಂತ್ರ ಸೀರೆಗಳ ಮಧ್ಯೆ ಚಾರ್ಜಿಂಗ್ ವೈರ್ ಸಿಕ್ಕಿಸಿಕೊಂಡು ಝಗಝಗಿಸುತ್ತಿತ್ತು.

“ಬ್ಯಾಟರಿ ಹೆಂಗೈತ್ರಿ?” ಎಂದೆ.

“ಬ್ಯಾಟರಿ ಚಿಂತಿ ಬಿಡ್ರಿ ಮೇಡಂ. ಹಿಂಗ ವೈರ್ ಹಚ್ಚಿ ಇಟ್ರ ದಿನಗಟ್ಟಲೆ ನಡೀತೈತಿ.”

ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವೈರ್ ಕಿತ್ತು ತೋರಿಸಿರಿ ಎಂದು ಕೇಳಬೇಕಾದವಳು ನಾನು. ಲೋಕದ ದೇವರು ದೆವ್ವಗಳನ್ನೆಲ್ಲ ಅಡ್ಡಪ್ರಶ್ನೆ ಹಾಕಿ ಓಡಿಸಿದವಳು ಒಂದು ವೈರಿನೆದುರು ಭಕ್ತೆಯಂತೆ ನಿಂತು ದುಡ್ಡು ಕೊಟ್ಟು ಬಂದೆ.

ಬ್ಯಾಟರಿ ಪೂರ್ತಿ ತುಂಬಿದೆ ಎಂದು ಯಂತ್ರ ಹಸಿರು ತೋರಿಸುತ್ತದೆ. ವೈರ್ ತೆಗೆದರೆ ಹಾಲು ಉಕ್ಕಿ ಬರುವಷ್ಟು ಹೊತ್ತು ಜೀವ ಹಿಡಿದಿರುತ್ತದೆ. ಆಮೇಲೆ ಕುಂಯ್ ಎಂದು ಕಪ್ಪಾಗುತ್ತದೆ. ಬೇರೆ ಬ್ಯಾಟರಿ ಕೇಳಿದರೆ ಗದಗಿನ ಮೊಬೈಲ್ ಅಂಗಡಿಗಳವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರ ವಿಮಾನ ಎಲ್ಲೈತ್ರಿ?” ಎಂದು ಮರಳಿಸಿದರು. ಇನ್ನೊಂದು ಸಂಗತಿಯೂ ತಿಳಿಯಿತು: ನಿಂತವರ ದಿಕ್ಕು ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಡೆಯುವವರು ಯಾವ ಕಡೆ ನಡೆದಿದ್ದಾರೆ ಎಂಬುದನ್ನು ಮಾತ್ರ ಹೇಳುತ್ತದೆ. ಅಂದರೆ ಕಿಟಕಿಯ ದಿಕ್ಕು ಹಿಡಿಯಲು, ಕಿಟಕಿ ಎತ್ತ ನೋಡುತ್ತದೋ ಅತ್ತ ರಸ್ತೆಯಲ್ಲಿ ಬಿರಬಿರನೆ ನಡೆಯಬೇಕು, ಅದೂ ಹಾಲು ಉಕ್ಕುವುದರೊಳಗೆ.

ಲಕ್ಷ್ಮೇಶ್ವರದ ಬಸ್ಸು ಶಿರಹಟ್ಟಿ ಸಮೀಪದ ಮಾಗಡಿಯ ಕಡೆಯಿಂದ ಹೋಗುವಾಗ ಕೆರೆಯ ಹೆಬ್ಬಾತುಗಳು ನೆನಪಾದವು. ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ನೆಟ್ಟಗೆ ಈ ಕೆರೆಗೇ ಬರುತ್ತವೆ. ಸೂರ್ಯ, ನಕ್ಷತ್ರ, ನೆಲದ ಕಾಂತಶಕ್ತಿ, ಏನೇನನ್ನೋ ನೋಡಿಕೊಂಡು ಹಾರುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಚಾರ್ಜಿಂಗ್ ಮಾತ್ರ ಅಕ್ಕಪಕ್ಕದ ರೈತರ ಖರ್ಚಿನಲ್ಲಿ, ಹೊಲದ ಶೇಂಗಾದ ಮೇಲೆ. ನನ್ನ ಮಡಿಲಿನಲ್ಲಿದ್ದ ಯಂತ್ರ ಶಿರಹಟ್ಟಿಯವರೆಗೂ ಬರಲಾರದೆ ಕಣ್ಣು ಮುಚ್ಚಿತ್ತು.

ರವಿವಾರ ಕಾಕಾನ ಅಡಿಗೆಮನೆಯಲ್ಲಿ ಸಭೆ ಸೇರಿತು. ಕಾಕಾ, ಕಡ್ಡಿ ಹಿಡಿದ ಸರ್, ಮೆಣಸಿನಕಾಯಿ ಭಜಿ ಕರಿಯುತ್ತಿದ್ದ ಚಿಗವ್ವ, ನಾನು. ಮಿಕ್ಸರಿನ ಪ್ಲಗ್ ತೆಗೆದು ಯಂತ್ರಕ್ಕೆ ವೈರ್ ಹಚ್ಚಿ ಕಿಟಕಿಯಲ್ಲಿಟ್ಟೆ. ಅದು ಆಕಾಶ ನೋಡಿತು, ಉಪಗ್ರಹಗಳನ್ನು ಹಿಡಿಯಿತು, ಸಿಗ್ನಲ್ಲಿನ ಪಟ್ಟಿಗಳು ಒಂದೊಂದಾಗಿ ಎದ್ದು ನಿಂತವು. ಪರದೆಯ ಮೇಲೆ ಲಕ್ಷ್ಮೇಶ್ವರ ಮೂಡಿತು.

“ಇದು ಖರೇನ ವಿಮಾನದಾಗಿಂದೇನು?” ಕಾಕಾ ಚಪ್ಪಲಿ ಬಿಟ್ಟು ಹತ್ತಿರ ಬಂದ.

“ಹೌದು ಕಾಕಾ. ಈಗ ಇದನ್ನ ಹಿಡಕೊಂಡು ರಸ್ತೇದಾಗ...”

“ಮೊದಲ ಇಲ್ಲಿ ತರ್ರಿ,” ಎಂದರು ಸರ್, ಅಡಿಗೆಕಟ್ಟೆ ಸರಿಯಬೇಕಾದ ಒಳಗೋಡೆಯನ್ನು ಕಡ್ಡಿಯಿಂದ ತೋರಿಸುತ್ತ. “ಇಲ್ಲಿ ಏನ್ ಹೇಳತೈತಿ ನೋಡೂಣು.”

ವೈರ್ ಕಿತ್ತು ಒಯ್ದೆ. ಮೇಲೆ ಕಾಂಕ್ರೀಟ್ ಛಾವಣಿ. ಪಟ್ಟಿಗಳು ಒಂದೊಂದಾಗಿ ಬಿದ್ದವು. ಸರ್ ಗೋಡೆಯುದ್ದಕ್ಕೂ ಕಡ್ಡಿ ತಿರುಗಿಸಿ ಮುಗಿಸುವಷ್ಟರಲ್ಲಿ ಬ್ಯಾಟರಿ ಕುಂಯ್ ಎಂದಿತು. ಪರದೆ ಕಪ್ಪಾಯಿತು.

“ಕಂಡ್ರಿಲ್ಲೋ!” ಸರ್ ಕಡ್ಡಿ ಎತ್ತಿದರು. “ಮುಗಲಾಗ ಹಾರೂ ಮಿಶಿನ್ನ ಜೀವಾ ಬಿಟ್ಟತು. ಈ ಮನ್ಯಾಗ ದೋಷ ಐತಿ ಅನ್ನಾಕ ಇನ್ನೇನ ಬೇಕ್ರಿ?”

ನಾನು ತಂದ ಆಯುಧದಿಂದಲೇ ಕಿಟಕಿ ಹೋಗುವುದರಲ್ಲಿತ್ತು. ಚಿಗವ್ವನ ಕೈಯ ಜಾಲರಿ ಎಣ್ಣೆಯ ಮೇಲೆ ಹಾಗೆಯೇ ನಿಂತಿತ್ತು. ಕಾಕಾ ನನ್ನ ಕೈಯಿಂದ ಯಂತ್ರ ತೆಗೆದುಕೊಂಡು ಕಿಟಕಿಗೆ ಒಯ್ದ. ನಾನು ಹಚ್ಚಿದಂತೆಯೇ ವೈರ್ ಹಚ್ಚಿದ. ಬೆಳಕು ಬಂತು, ಪಟ್ಟಿಗಳು ಎದ್ದವು, ಲಕ್ಷ್ಮೇಶ್ವರ ಮರಳಿ ಹುಟ್ಟಿತು. ಮತ್ತೆ ಒಳಗೋಡೆಗೆ ಒಯ್ದು ಹಿಡಿದು ನಿಂತ. ಕುಂಯ್. ಕಿಟಕಿಗೆ ತಂದ. ಬೆಳಕು. ಕೆಟ್ಟ ಶೇಂಗಾವನ್ನು ಒಳ್ಳೆಯ ಚೀಲದ ಪಕ್ಕಕ್ಕಿಟ್ಟು ನೋಡುವ ವ್ಯಾಪಾರಿಯ ಮುಖ ಅದು.

“ಸರ್ ಹೇಳಿದ್ದು ಬರೋಬ್ಬರಿ ಐತಿ. ದೋಷ ಐತಿ,” ಎಂದ. “ಆದ್ರ ದೋಷ ಈ ಗ್ವಾಡ್ಯಾಗ ಐತ್ರಿ, ಕಿಡಕ್ಯಾಗಲ್ಲ. ಮಿಶಿನ್ ಕಿಡಕ್ಯಾಗ ಬದುಕತೈತಿ, ಇಲ್ಲಿ ಸಾಯತೈತಿ. ನನ್ನ ಹೇಣ್ತೀನ್ನ ಇಲ್ಲಿ ತಂದು ನಿಂದ್ರಸು ಅಂತೀರೇನು?”

ಅಯ್ಯೋ, ತಪ್ಪು ಕಾರಣ! ಬ್ಯಾಟರಿ ಸತ್ತದ್ದಕ್ಕೂ ಗೋಡೆಗೂ ಏನು ಸಂಬಂಧ? ಕುಂಟುವ ಕಾಲು ಕಣ್ಣೆದುರೇ ಇತ್ತು. ವರ್ಷಗಳ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು. “ಕಾಕಾ, ಅದು ಹಂಗಲ್ಲ, ಖರೆ ಹೇಳಬೇಕಂದ್ರ...” ಎನ್ನುವಷ್ಟರಲ್ಲಿ ಚಿಗವ್ವ ಬಿಸಿ ಭಜಿಯೊಂದನ್ನು ಆ ಬಾಯಿಗೆ ತುರುಕಿದಳು.

“ತಿನ್ನವ್ವಾ, ಪಾಪ, ಗದಗಿನಿಂದ ಬಂದಿ. ಎಷ್ಟ ಮಾತಾಡತಿ!”

ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಸತ್ಯಕ್ಕೋ, ಹೇಳಲಾರೆ. ಸರ್ ಕೂಡ ಜಾಣರು. ಸೋಲನ್ನು ಸೋಲಿನ ಹಾಗೆ ತೋರಿಸಲಿಲ್ಲ. ಕಿಟಕಿ ಇರಲಿ, ಚೌಕಟ್ಟಿನ ಮೇಲೆ ತಾಮ್ರದ ಪಟ್ಟಿಯೊಂದನ್ನು ಹೊಡೆಯಿರಿ ಎಂದರು. ಸೋಮವಾರ ಗೌಂಡಿ ಬಂದು ಅಷ್ಟೇ ಮಾಡಿ, ಚಹಾ ಕುಡಿದು ಹೋದ.

ಭಜಿ ನುಂಗಿದ ಮೇಲೆಯೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ. ಒಂದು ಸುಳ್ಳು ನಂಬಿಕೆ ಇನ್ನೊಂದನ್ನು ಹೊಡೆದು ಉರುಳಿಸಿದರೆ ಅದು ವಿಚಾರದ ಗೆಲುವಲ್ಲ, ನಿಜ. ತೀರ್ಪು ಕೊಡುವ ಜಾಗದಲ್ಲಿದ್ದರೆ ನಾನೇ ಅಂಕ ಕತ್ತರಿಸುತ್ತಿದ್ದೆ. ಆದರೆ ತೀರ್ಪುಗಾರರು ಯಾರೂ ದಿನಕ್ಕೆರಡು ಹೊತ್ತು ಗೋಡೆ ನೋಡುತ್ತ ರೊಟ್ಟಿ ಬಡಿಯುವುದಿಲ್ಲ. ಯಂತ್ರವನ್ನು ಕಾಕಾ ಮರಳಿ ಕೊಡಲಿಲ್ಲ. ಸತ್ತ ಬ್ಯಾಟರಿಯನ್ನು ಮಾತ್ರ ನಾನು ತೆಗೆದಿಟ್ಟೆ. ಯಂತ್ರವೀಗ ಬರೀ ವೈರಿನ ಮೇಲೆ, ಕಿಟಕಿಯಲ್ಲಿ, ಹತ್ತಿರದ ವಿಮಾನ ನಿಲ್ದಾಣ ತೋರಿಸುತ್ತ ಕುಳಿತಿದೆ.

ಮೊನ್ನೆ ಊಟಕ್ಕೆ ಹೋಗಿದ್ದೆ. ಚಿಗವ್ವ ಕಿಟಕಿಯ ಸರಳಿಗೆ ಮುಖ ಹಚ್ಚಿ, ಮುಂಡರಗಿಯ ಯಾವುದೋ ಸಂಬಂಧ ಕೂಡುತ್ತದೋ ಮುರಿಯುತ್ತದೋ ಎಂದು ಹೊರಗಿನವಳೊಬ್ಬಳ ಜೊತೆ ನಿಕ್ಕಿ ಮಾಡುತ್ತಿದ್ದಳು. ಹಿಂದೆ ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು.

“ದಿನಾ ಹಿಂಗ ಹೊತ್ತತಾವೇನು ಕಾಕಾ?” ಎಂದು ಪಿಸುಗುಟ್ಟಿದೆ.

“ಈ ಮನಿಗೆ ಬಂದಾಗಿಂದ ಹಿಂಗ ನೋಡವ್ವಾ. ಯಾಕಂತ ತಿಳೀವಲ್ದು,” ಎಂದ ಕಾಕಾ, ಕಪ್ಪು ಅಂಚು ಮುರಿಯುತ್ತ. “ಜಾಗಾ ಅಂತೂ ಬರೋಬ್ಬರಿ ಐತಿ.”

ಆ ಕಿಟಕಿಯಿಂದ ಮನೆಗೆ ನಷ್ಟವಿದೆ ಎಂಬುದಕ್ಕೆ ಮೊದಲ ಸಲ ಗಟ್ಟಿಯಾದ ಪುರಾವೆಯೊಂದು ನನ್ನ ತಾಟಿಗೇ ಬಂದು ಬಿದ್ದಿತ್ತು. ಮೇಲೊಂದಿಷ್ಟು ಶೇಂಗಾ ಚಟ್ನಿ ಹಾಕಿಕೊಂಡು ಪುರಾವೆಯನ್ನು ತಿಂದು ಮುಗಿಸಿದೆ.