ಟೈರಿನ ಅಂಚು ಓದುತ್ತಿದ್ದ ಆಂಟಿ

ಆಂಟಿಯ ಬಲ ಅಂಗೈಯ ಗೆರೆಗಳಲ್ಲಿ ಯಾವಾಗಲೂ ಕಪ್ಪು ಕೂತಿರುತ್ತಿತ್ತು. ಗೌರಿಹಬ್ಬಕ್ಕೆ ಅಮೆರಿಕದ ಮಿಶಿಗನ್ನಿನಲ್ಲಿ, ರಾಚೆಸ್ಟರ್ ಹಿಲ್ಸ್‌ನ ಅವರ ಮನೆಗೆ ಹೋದ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದ ಆ ಕೈಯನ್ನು ಒಮ್ಮೆ ನೋಡಿ, ನೋಡಿಲ್ಲವೆಂಬಂತೆ ಮುಖ ತಿರುಗಿಸುತ್ತಿದ್ದರು. ಅದು ಟೈರಿನ ಕಪ್ಪು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದ, ಇಲ್ಲಿನ ಕನ್ನಡದವರೆಲ್ಲ ಆಂಟಿ ಎಂದೇ ಕರೆಯುತ್ತಿದ್ದ ಅವರು, ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಯಾವ ಕಾರಿಗೆ ಎಷ್ಟು ಅಳತೆಯ ಚಕ್ರ, ಎಷ್ಟು ಅಗಲದ ಟೈರು ಎಂದು ಓಡಿಸಿ ನೋಡಿ ಹೇಳುವುದು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನೆ ಕೂರಲಿಲ್ಲ. ಕನ್ನಡ ಕೂಟದ ಯುಗಾದಿಯಂದು ನಾವೆಲ್ಲ ಒಳಗೆ ಊಟದ ಸಾಲಿನಲ್ಲಿ ನಿಂತಿದ್ದರೆ ಆಂಟಿ ರೇಷ್ಮೆ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಪಾರ್ಕಿಂಗ್ ಲಾಟಿನಲ್ಲಿ ಒಂದೊಂದೇ ಕಾರಿನ ಮುಂದೆ ಬಗ್ಗುತ್ತಿದ್ದರು. ಆಮೇಲೆ ಒಳಗೆ ಬಂದು ಹೋಳಿಗೆ ಬಡಿಸಿಕೊಳ್ಳುತ್ತಾ, ಹಿಂದಿನ ಎಡಗಡೆ ಗಾಳಿ ಕಡಿಮೆ ಇದೆಯೆಂದು ಒಬ್ಬರಿಗೆ, ನಿಮ್ಮ ಯಜಮಾನರು ಪಾರ್ಕ್ ಮಾಡುವಾಗ ಕಟ್ಟೆಗೆ ಉಜ್ಜುತ್ತಾರೆಂದು ಇನ್ನೊಬ್ಬರಿಗೆ ಹೇಳುತ್ತಿದ್ದರು. ಹೇಳಿದ್ದು ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಐವತ್ತು ತುಂಬಿದ ವರ್ಷ ನನಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಆಗ ನಾವು ಆಂಟಿಯ ಮನೆಯಿಂದ ಮುಕ್ಕಾಲು ಗಂಟೆ ದೂರದ ಕ್ಯಾಂಟನ್‌ನಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ಮಗಳು ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಕೆಲಸಕ್ಕೆ ಸೇರಿ ಮನೆ ಖಾಲಿಯಾಗಿತ್ತು. ಅವಳನ್ನು ನೋಡಲು ಹೋದಾಗ ಅವಳ ಬೀದಿಯಲ್ಲೇ ಒಬ್ಬರು ಎರಡು ಸೀಟಿನ ಹಳೆಯ ಕೆಂಪು ಕಾರನ್ನು ಮಾರಾಟಕ್ಕಿಟ್ಟಿದ್ದರು. ಕಂಪನಿ ಕೊಟ್ಟಿದ್ದ ಹದಿನೆಂಟು ಇಂಚಿನ ಚಕ್ರ ತೆಗೆಸಿ ಥಳಥಳಿಸುವ ಇಪ್ಪತ್ತು ಇಂಚಿನ ಚಕ್ರ ಹಾಕಿಸಿದ್ದರು. ನಾನು ಬಾನೆಟ್ ತೆಗೆದು ಇಂಜಿನ್ ನೋಡಲಿಲ್ಲ, ಚಕ್ರ ನೋಡಿಯೇ ಮರುಳಾಗಿ ಕೊಂಡುಬಿಟ್ಟೆ. ಸಾಫ್ಟ್‌ವೇರಿನವನ ಬುದ್ಧಿ ಅಷ್ಟೇ ಎಂದು ಹೆಂಡತಿ ನಕ್ಕಳು. ಆದರೂ ಆ ಬೇಸಿಗೆಯಿಡೀ ನನ್ನ ಪಕ್ಕ ಕೂತು ಖುಷಿಯಾಗಿಯೇ ಸುತ್ತಿದಳು.

ಅಕ್ಟೋಬರಿನಲ್ಲಿ ಮಗಳ ಮನೆಯಿಂದ ವಾಪಸು ಬರುತ್ತಿದ್ದೆವು. ಮಳೆ, ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ಹಿಡಿದು ರ‍್ಯಾಂಪಿನಲ್ಲಿ ತಿರುಗುತ್ತಿದ್ದಂತೆ ಕಾರಿನ ಹಿಂಭಾಗ ಜಾರಿತು. ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ಹುಲ್ಲಿನ ಮೇಲೆ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಹಾಳು ಟೈರು, ಗ್ರಿಪ್ಪೇ ಇಲ್ಲ ಎಂದು ನಾನು ಬೈದೆ.  ಹೆಂಡತಿ ಮನೆಗೆ ಬಂದು ಗರಾಜಿನಲ್ಲಿ ಇಳಿದವಳು, ಇನ್ನು ನಿನ್ನ ಜೊತೆ ಈ ಕಾರಲ್ಲಿ ನಾನು ಕೂರಲ್ಲ ಎಂದಳು. ದನಿ ಏರಿರಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ದನಿಯಲ್ಲಿ ಹೇಳಿದ್ದನ್ನು ಅವಳು ಹಿಂತೆಗೆದುಕೊಂಡದ್ದಿಲ್ಲ.

ಇರುವುದೇ ಎರಡು ಸೀಟು, ಅದರಲ್ಲಿ ಒಂದು ಖಾಲಿ. ಕಾರು ಮಾರಿಬಿಡಬಹುದಿತ್ತು. ಮಾರಿದರೆ ಆ ಮಾತು ಹಾಗೇ ನಿಂತುಹೋಗುತ್ತದೆಂಬ ಅಳುಕು ನನ್ನನ್ನು ಬಿಡಲಿಲ್ಲ. ಟೈರು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆಂದು ನನಗೆ ನಾನೇ ಹೇಳಿಕೊಂಡು ಒಂದು ವಾರ ಕೂತು ದೊಡ್ಡ ಎಕ್ಸೆಲ್ ಶೀಟ್ ಮಾಡಿದೆ. ಅಗಲ, ಎತ್ತರ, ತೂಕ, ಬೆಲೆ, ಜನ ಕೊಟ್ಟ ಸ್ಟಾರು, ಎಲ್ಲಕ್ಕೂ ಒಂದೊಂದು ಕಾಲಂ. ಇಪ್ಪತ್ತು ಇಂಚೇ ಇರಲಿ, ಟೈರು ಇನ್ನೂ ಅಗಲವಾಗಲಿ ಎಂದು ನನ್ನ ಶೀಟು ತೀರ್ಪು ಕೊಟ್ಟಿತು. ಅದನ್ನು ಪ್ರಿಂಟ್ ಮಾಡಿಟ್ಟುಕೊಂಡು ಆಂಟಿಯನ್ನು ಕರೆದೆ.

ಶನಿವಾರ ಬೆಳಿಗ್ಗೆ ಆಂಟಿ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಂದ ಎರವಲು ತಂದ ನಾಲ್ಕು ಹದಿನೆಂಟಿಂಚಿನ ಚಕ್ರಗಳನ್ನು ತಮ್ಮ ವ್ಯಾನಿನಲ್ಲಿ ಹೇರಿಕೊಂಡು ಬಂದರು. ನನ್ನ ಶೀಟನ್ನು ಮಡಿಸಿ ಮೊಣಕಾಲಿನ ಕೆಳಗೆ ಹಾಕಿಕೊಂಡು ನೆಲಕ್ಕೆ ಕೂತರು. ಸಿಮೆಂಟು ತಣ್ಣಗಿತ್ತು, ಶೀಟು ಅದಕ್ಕಾದರೂ ಬಂತು. ಮೊದಲು ಟೈರಿನ ಪಕ್ಕೆಯಲ್ಲಿದ್ದ ನಾಲ್ಕು ಅಂಕಿಗಳನ್ನು ಓದಿದರು. ಟೈರು ಯಾವ ವರ್ಷದ ಎಷ್ಟನೇ ವಾರ ತಯಾರಾಯಿತೆಂದು ಅದರಲ್ಲಿರುತ್ತದಂತೆ. ಮೇಲಿನ ಕಚ್ಚುಗಳು ಆಳವಾಗಿ, ಹೊಸದರಂತೆ ಕಾಣುತ್ತಿದ್ದ ಆ ಟೈರು ನನ್ನ ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಹುಟ್ಟಿದ್ದು. ಒಣಗಿ ಗಟ್ಟಿಯಾಗಿತ್ತು. ಅದೂ ಬೇಸಿಗೆಯ ಟೈರು, ಚಳಿಗೆ ಇನ್ನಷ್ಟು ಸೆಡೆಯುವ ಜಾತಿ.

ಆಮೇಲೆ ಟೈರಿನ ಪಕ್ಕೆಗೆ ಕೈ ಅಡ್ಡ ಇಟ್ಟರು. ಚಕ್ರದ ಅಂಚಿನಿಂದ ನೆಲದವರೆಗೆ ನಾಲ್ಕು ಬೆರಳು ಹಿಡಿದವು, ಹೆಬ್ಬೆರಳಿಗೆ ಜಾಗ ಇರಲಿಲ್ಲ. ಎರವಲು ತಂದ ಟೈರಿಗೆ ಇಟ್ಟು ತೋರಿಸಿದರು. ಹೆಬ್ಬೆರಳೂ ಹಿಡಿಯಿತು. "ಈ ಹೆಬ್ಬೆರಳಿನ ಜಾಗದಲ್ಲಿ ಗಾಳಿ ಇರತ್ತೆ ಕಣಪ್ಪ. ನಮ್ಮ ಮಿಶಿಗನ್ ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನೋದು ಅದು. ಚಕ್ರ ದೊಡ್ಡದು ಮಾಡ್ದಷ್ಟೂ ಅದು ಕಮ್ಮಿ ಆಗತ್ತೆ, ಅಷ್ಟೇ ಲೆಕ್ಕ" ಎಂದರು. ಅಗಲ ಹೆಚ್ಚಾದರೆ ಮಳೆಯಲ್ಲಿ ನೀರನ್ನು ಸೀಳಿಕೊಂಡು ಹೋಗುವ ಬದಲು ಟೈರು ನೀರಿನ ಮೇಲೆ ತೇಲುತ್ತದೆ ಎಂದೂ ವಿವರಿಸಿದರು. ನನ್ನ ಎಕ್ಸೆಲ್ ಶೀಟಿನಲ್ಲಿ ಮಳೆಗೆ ಕಾಲಂ ಇರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಂಟಿ ಅವಳನ್ನು ಕರೆದು, ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಕೊಂಡು ಬಾ ಎಂದರು. ತಮಾಷೆಯೆಂದುಕೊಂಡೆವು. ಹಿಟ್ಟು ಬಂದಮೇಲೆ ನಿಂಬೆಗಾತ್ರದ ಉಂಡೆ ಮಾಡಿ, ಚಕ್ರದ ಮೇಲಿನ ಕಮಾನಿನ ಒಳಗೆ ಅಲ್ಲಲ್ಲಿ ಮೆತ್ತಿದರು. ಟೈರು ಎಲ್ಲಿ ತಾಗುತ್ತದೆ, ಎಷ್ಟು ಜಾಗ ಉಳಿಯುತ್ತದೆ ಎಂದು ಆ ಉಂಡೆಗಳು ಹೇಳುತ್ತವೆ. ಇನ್ನು ಕಾರಿನೊಳಗೆ ಇಬ್ಬರ ತೂಕ ಬೇಕಿತ್ತು, ಖಾಲಿ ಕಾರು ಅಳೆದರೆ ಅಳತೆ ಸುಳ್ಳು. ಆಂಟಿ ನನ್ನ ಹೆಂಡತಿಯ ಕಡೆ ತಿರುಗಿದರು. "ಕಾರು ಒಂದಿಂಚೂ ಮುಂದಕ್ಕೆ ಹೋಗಲ್ಲ ಕಣಮ್ಮ. ಹ್ಯಾಂಡ್‌ಬ್ರೇಕ್ ನಾನೇ ಎಳೀತೀನಿ. ಸುಮ್ನೆ ಮೂಟೆ ಥರ ಕೂತ್ಕೋ" ಎಂದರು. ಅವಳು ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿಕೊಂಡು ಬಂದು ಕೂತಳು. ನಾನು ಸ್ಟಿಯರಿಂಗನ್ನು ಕೊನೆಯವರೆಗೆ ಅತ್ತ ಇತ್ತ ತಿರುಗಿಸಿದೆ. ಎಪ್ಪತ್ತು ದಾಟಿದ ಆಂಟಿ ಮೈಭಾರವೆಲ್ಲ ಹಾಕಿ ಕಾರಿನ ಮೂಲೆಯನ್ನು ಕುಲುಕಿದರು.

ಇಪ್ಪತ್ತರ ಚಕ್ರದ ಮೇಲಿನ ಉಂಡೆಗಳು ಹಪ್ಪಳವಾಗಿದ್ದವು. ಒಂದರ ಮೇಲೆ ಟೈರಿನ ಅಚ್ಚು ಕೂಡ ಮೂಡಿತ್ತು. ನಾನೂ ಆಂಟಿಯೂ ಸೇರಿ ಹದಿನೆಂಟರ ಚಕ್ರ ಹಾಕಿ ಮತ್ತೆ ಅದೇ ಪೂಜೆ ಮಾಡಿದೆವು. ಈ ಸಲ ಉಂಡೆಗಳು ಮೆತ್ತಿದ ಹಾಗೇ ಇದ್ದವು. ಆಂಟಿ ಅವನ್ನು ಒಂದೊಂದಾಗಿ ಕಿತ್ತು, ಸ್ಟೀಲ್ ಸ್ಕೇಲಿನಲ್ಲಿ ಅಳೆದು, ಇನ್ನೂರ ನಲವತ್ತೈದು, ನಲವತ್ತು, ಹದಿನೆಂಟು ಎಂದರು. ಒಂದೇ ಸಾಲಿನಲ್ಲಿ ಮೊದಲನೆಯದು ಟೈರಿನ ಅಗಲ, ಮಿಲಿಮೀಟರು; ಎರಡನೆಯದು ಪಕ್ಕೆಯ ಎತ್ತರ, ಪರ್ಸೆಂಟು; ಮೂರನೆಯದು ಚಕ್ರ, ಇಂಚು; ಇದನ್ನು ಮಾಡಿದವರ ಮನೆಯಲ್ಲಿ ಜಗಳ ನಡೆಯುತ್ತಿದ್ದಿರಬೇಕು ಎಂದು ನಕ್ಕರು. ಮಾಪನದ ಒಂದು ಯಂತ್ರವೂ ಇಲ್ಲದೆ, ಹಿಟ್ಟು, ಸ್ಕೇಲು ಮತ್ತು ಕೈ ಇಟ್ಟುಕೊಂಡು ಅವರು ಕಂಡುಹಿಡಿದದ್ದು ಕಂಪನಿಯವರು ಮೊದಲೇ ಕೊಟ್ಟಿದ್ದ ಅಳತೆಯನ್ನೇ. ನಾನು ಬೆಪ್ಪಾಗಿ ನೋಡುತ್ತಿದ್ದೆ.

ಹೆಂಡತಿ ಕಾಫಿ ತರಲು ಒಳಗೆ ಹೋದಳು. ಆಂಟಿ ಕಳಚಿಟ್ಟಿದ್ದ ಮುಂದಿನ ಟೈರನ್ನು ಎಳೆದುಕೊಂಡು ಅದರ ಹೊರ ಅಂಚಿನ ಮೇಲೆ ಅಂಗೈ ಆಡಿಸಿದರು. ಹೊರಗಿನಿಂದ ಒಳಗೆ ಒಮ್ಮೆ, ಒಳಗಿನಿಂದ ಹೊರಗೆ ಒಮ್ಮೆ. ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿತು.

"ಈ ಅಂಚಿನ ಸವೆತ ಹಳೇದಲ್ಲ, ಹೊಸದು. ತಿರುವಿನಲ್ಲಿ ಜೋರಾಗಿ ನುಗ್ಗಿಸಿದ್ರೆ ಹೀಗೇ ಆಗೋದು. ಬೇಸಿಗೆಯಿಂದ ಓಡಿಸ್ತಿರೋನು ನೀನೊಬ್ನೇ." ನಾನು ತಲೆ ತಗ್ಗಿಸಿದೆ. ಆಂಟಿ ಕೈ ಬಿಡಲಿಲ್ಲ. "ಟೈರಿನ ತಪ್ಪೂ ಇದೆ, ಅದನ್ನ ನಾನು ಸರಿ ಮಾಡ್ಕೊಡ್ತೀನಿ. ನಿನ್ನ ತಪ್ಪು ನಾನು ಹೇಳೋಕಾಗಲ್ಲ. ಅದು ನೀನೇ ಅವಳಿಗೆ ಹೇಳ್ಬೇಕು."

ಕಾಫಿ ಬಂತು. ಆಂಟಿ ಹಳೆಯ ಟೈರಿನ ವಯಸ್ಸಿನ ಬಗ್ಗೆಯಷ್ಟೇ ಅವಳೊಡನೆ ಮಾತಾಡಿದರು. ಟೈರಿನ ಮೇಲೆ ಅಂಗೈ ಸವರಿ ಒಬ್ಬ ಮನುಷ್ಯನ ಇಡೀ ಬೇಸಿಗೆಯನ್ನು ಓದಬಲ್ಲವರು ಅದನ್ನು ಹಾಗೆಯೇ ಬಾಯೊಳಗೆ ಇಟ್ಟುಕೊಂಡು ಕೋಡುಬಳೆ ಮುರಿಯುತ್ತಿದ್ದರು. ನನಗೆ ಅವರ ಮೇಲೆ ಮೂಡಿದ ಬೆರಗಿನಲ್ಲಿ ಭಯವೂ ಇತ್ತು.

ಮುಂದಿನ ವಾರ ಮಳೆಗೂ ಚಳಿಗೂ ಒಗ್ಗುವ ಹೊಸ ಟೈರುಗಳು, ಅದೇ ಅಳತೆಯವು, ಹದಿನೆಂಟಿಂಚಿನ ಚಕ್ರಗಳ ಸಮೇತ ಬಂದವು. ಆಂಟಿ ನನ್ನನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಿ, ತಾವು ಸ್ಟಿಯರಿಂಗ್ ಹಿಡಿದು, ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಜಿಟಿಜಿಟಿ ಮಳೆ ಹತ್ತಿತ್ತು. ಅರ್ಧ ಗಂಟೆಯ ನಂತರ ಇಬ್ಬರೂ ನಗುತ್ತಾ ಇಳಿದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ನಮ್ಮ ಎಕ್ಸಿಟ್ಟಿನ ರ‍್ಯಾಂಪಿಗೆ ಎಂದಳು, ಮೂರು ಸಲ ಸುತ್ತಿ ಬಂದಿದ್ದರಂತೆ. ಹಾಗಾದರೆ ನಾಳೆ ನಾವಿಬ್ಬರೂ ಹೋಗೋಣವೇ ಎಂದು ಆಸೆಯಿಂದ ಕೇಳಿದೆ. ಆಂಟಿ ಓಡಿಸಿದರೆ ಬರುತ್ತೇನೆ ಎಂದಳು. ಆಂಟಿ ನನ್ನ ಮುಖ ನೋಡಿದರು, ನಾನು ಟೈರಿನ ಮುಖ ನೋಡಿದೆ.

ಹೇಳಲಿಲ್ಲ. ಇವತ್ತು, ನಾಳೆ, ಥ್ಯಾಂಕ್ಸ್‌ಗಿವಿಂಗ್ ಕಳೆಯಲಿ, ಮಗಳು ಬಂದು ಹೋಗಲಿ ಎಂದು ಆ ಮಾತನ್ನು ಮುಂದೂಡುತ್ತಲೇ ಬಂದೆ. ಹಿಮ ಬಿತ್ತು. ಡೌನರ್ಸ್ ಗ್ರೋವ್‌ಗೆ ಹೋಗುವಾಗಲೆಲ್ಲ ನಮ್ಮ ಹಳೆಯ ವ್ಯಾನಿನಲ್ಲೇ ಹೋದೆವು. ಕೆಂಪು ಕಾರು ಜಗತ್ತಿನ ಅತ್ಯಂತ ಸರಿಯಾದ ಟೈರು ಹಾಕಿಕೊಂಡು ಗರಾಜಿನಲ್ಲಿ ಕೂತಿತ್ತು. ಪ್ರತಿ ಭಾನುವಾರ ಆಂಟಿ ನನ್ನ ಹೆಂಡತಿಗೆ ಫೋನ್ ಮಾಡುತ್ತಿದ್ದರು. ನನಗೂ ಕೊಟ್ಟರೆ ಗಾಳಿ ಚೆಕ್ ಮಾಡಿದೆಯಾ ಎಂದು ಕೇಳುತ್ತಿದ್ದರು, ಬೇರೇನೂ ಕೇಳುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆಂಟಿಯ ಮಗ ಫೋನ್ ಮಾಡಿದ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಆಂಟಿಯ ದೇಹ ಇರಿಸಿದ್ದ ಫ್ಯೂನರಲ್ ಹೋಮಿಗೆ ಹೊರಡಲು ಹೆಂಡತಿ ವ್ಯಾನಿನ ಕೀ ಕೈಗೆತ್ತಿಕೊಂಡಳು. ಗರಾಜಿನಲ್ಲಿ ಎರಡು ಕಾರುಗಳ ನಡುವೆ ನಿಂತು, ಅಷ್ಟು ತಿಂಗಳು ನುಂಗಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವತ್ತು ಟೈರಿಗಿಂತ ಹೆಚ್ಚು ತಪ್ಪು ನನ್ನದು, ನಾನು ತುಂಬ ಜೋರಾಗಿ ನುಗ್ಗಿಸಿದ್ದೆ, ನಿನ್ನ ಜೀವ ಪಕ್ಕದಲ್ಲಿಟ್ಟುಕೊಂಡು.

"ನಲವತ್ತೆಂಟು ಮೈಲಿ" ಎಂದಳು. "ಆ ತಿರುವಿನ ಬೋರ್ಡಲ್ಲಿ ಇಪ್ಪತ್ತೈದು ಅಂತ ಇತ್ತು. ನಾನು ಪಕ್ಕದಲ್ಲೇ ಕೂತಿದ್ದೆ ಅಲ್ವಾ, ಸ್ಪೀಡಿನ ಮುಳ್ಳು ನಂಗೂ ಕಾಣ್ತಿತ್ತು. ಕಾರು ತಿರುಗಿದ್ದಕ್ಕೆ ನಂಗೆ ಭಯ ಆಗ್ಲಿಲ್ಲ. ಕಾರು ನಿಂತ ತಕ್ಷಣ ನೀನು ಟೈರಿಗೆ ಬೈದ್ಯಲ್ಲ, ಅದಕ್ಕೆ ಆಯ್ತು."

 ಅವಳು ವ್ಯಾನಿನ ಕೀಯನ್ನು ಗೋಡೆಯ ಮೊಳೆಗೆ ಹಾಕಿ, ಕೆಂಪು ಕಾರಿನ ಬಾಗಿಲು ತೆಗೆದು ಕೂತು, ಬೆಲ್ಟ್ ಹಾಕಿಕೊಂಡಳು. ನಾನೂ ಕೂತೆ. ಅವಳು ಮುಂದೆ ನೋಡುತ್ತಲೇ ಹೇಳಿದಳು. "ಆಂಟಿ ಪ್ರತಿ ಭಾನುವಾರ ಕೇಳ್ತಿದ್ರು, ಹೇಳಿದ್ನಾ ಅಂತ. ಇಲ್ಲ ಆಂಟಿ ಅಂತಿದ್ದೆ. ಹೇಳ್ತಾನೆ ಬಿಡು, ಒಳ್ಳೇವ್ನು ಅಂತಿದ್ರು. ಈ ಭಾನುವಾರಾನೂ ಅಂದ್ರು."

ರಾಚೆಸ್ಟರ್ ಹಿಲ್ಸ್ ತಲುಪಲು ನಮಗೆ ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಕಣ್ಣು ಮಂಜಾಗಿ ನಾನು ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಬೇಕಾಯಿತು.