ಕುಲಾವಿಯ ಕೆಳಗಿನ ಬುಗುಟು

ಅರವತ್ತರ ದಶಕದ ಮೊದಲ ವರ್ಷಗಳು, ನನಗಾಗ ಹತ್ತೊಂಬತ್ತು. ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟ್‌ನಲ್ಲಿ ನನ್ನ ಗಂಡ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪಕ್ಕದ ಮನೆಯಲ್ಲಿ ಸ್ಟೋರ್ ನೋಡಿಕೊಳ್ಳುವವರ ಸಂಸಾರ. ಅವರ ಹೆಂಡತಿಯನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ನನ್ನ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಮಾಡಿದವರು ಅವರೇ. ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು, ನನಗೆ ಮೆಣಸಿನ ಸಾರು ಮಾಡಿ ಬಡಿಸಿದವರು. ಎಸ್ಟೇಟ್‌ನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಗು ಮೊದಲು ಅವರ ಕೈಗೇ ಹೋಗುತ್ತಿತ್ತು.

ಮಗನಿಗೆ ಹತ್ತು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಅವನನ್ನು ಅಕ್ಕನ ಹತ್ತಿರ ಬಿಟ್ಟು ಬಟ್ಟೆ ಒಗೆಯಲು ಹಳ್ಳಕ್ಕೆ ಹೋದೆ. ಬರುವಷ್ಟರಲ್ಲಿ ಅವರ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ. ತಲೆಗೆ ಉಣ್ಣೆಯ ಕುಲಾವಿ ಹಾಕಿದ್ದರು. ಗಾಳಿ ಥಂಡಿ ಎಂದರು.

ಮಧ್ಯಾಹ್ನ ಕುಡಿದ ಹಾಲನ್ನೆಲ್ಲ ಎರಡು ಸಲ ಕಕ್ಕಿದ. ಎತ್ತಿಕೊಂಡರೆ ಭುಜದ ಮೇಲೆ ಹಾಗೇ ವಾಲುತ್ತಿದ್ದ. ನನ್ನವರು ಎಸ್ಟೇಟ್ ಜೀಪು ಕೇಳಿ ತಂದರು. ಅಕ್ಕನೂ ಹತ್ತಿದರು. ಸಕಲೇಶಪುರ ಬರುವತನಕ ಮಗುವನ್ನು ತಾವೇ ಇಟ್ಟುಕೊಂಡು, ಕುಲಾವಿಯನ್ನು ಮತ್ತೆ ಮತ್ತೆ ಕಿವಿಯ ಮೇಲೆ ಎಳೆಯುತ್ತಿದ್ದರು.

ಮಗು ಎಲ್ಲಾದರೂ ಬಿತ್ತೇ ಎಂದು ಡಾಕ್ಟರು ಮೊದಲೇ ಕೇಳಿದರು. ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ದೇವರಾಣೆಗೂ ಇಲ್ಲ ಎಂದೆ. ಅಕ್ಕ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಕುಲಾವಿ ಬಿಚ್ಚಿ ಕೂದಲೊಳಗೆ ಬೆರಳಾಡಿಸಿದರು. ಎಡಕಿವಿಯ ಮೇಲುಗಡೆ ಅರ್ಧ ನಿಂಬೆಹಣ್ಣಿನಷ್ಟು ಬುಗುಟು.

"ತಾಯಿಗೇ ಗೊತ್ತಿಲ್ಲ ಅಂದ್ರೆ ಏನಮ್ಮ?" ಎಂದರು.

ನಾನು ಅಕ್ಕನ ಕಡೆ ನೋಡಿದೆ. ಅವರು ಡಾಕ್ಟರಿಗೆ ಮೆಲ್ಲಗೆ ಹೇಳಿದರು: "ಇನ್ನೂ ಚಿಕ್ಕ ವಯಸ್ಸು ಸ್ವಾಮಿ, ಮಗೀನ ಮ್ಯಾಲೆ ಗ್ಯಾನ ಕಮ್ಮಿ."

ನನ್ನ ಗಂಡ ತಲೆ ತಗ್ಗಿಸಿದರು.

ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಕೈಕಾಲು ಆಡಿಸಿ, ಸಂಜೆಯವರೆಗೆ ಅಲ್ಲೇ ಇರಿಸಿಕೊಂಡರು. ಹೊತ್ತು ಇಳಿಯುವಾಗ ಮಗ ಹಾಲು ಕುಡಿದ, ವಾಂತಿಯಾಗಲಿಲ್ಲ, ಡಾಕ್ಟರ ಕನ್ನಡಕಕ್ಕೆ ಕೈ ಹಾಕಿದ. ಒಳಗೆ ಏನೂ ಆದ ಹಾಗಿಲ್ಲ, ಎರಡು ದಿನ ಕಣ್ಣಿಟ್ಟಿರಿ, ಮತ್ತೆ ವಾಂತಿಯಾದರೆ ಅಥವಾ ಮಂಕಾದರೆ ತಕ್ಷಣ ಕರೆತನ್ನಿ ಎಂದು ಹೇಳಿ ಕಳಿಸಿದರು. ಹಾಗೇನೂ ಆಗಲಿಲ್ಲ.

ಮರುದಿನ ಅಕ್ಕನ ಅಡುಗೆಮನೆಗೆ ಹೋಗಿ ಕೇಳಿದೆ. ನನ್ನೊಬ್ಬಳ ಮುಂದೆ ಅವರು ಸುಳ್ಳು ಹೇಳಲಿಲ್ಲ. ಜಗಲಿಯ ಮೇಲೆ ಕೂರಿಸಿ, ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋದಾಗ ಅಂಗಳದ ಕಲ್ಲಿನ ಮೇಲೆ ಬಿದ್ದನಂತೆ.

"ಗೊತ್ತಾದ್ರೆ ನನ್ ಕೈಗೆ ಇನ್ಯಾರು ಮಗು ಕೊಟ್ಟಾರು, ಹೇಳವ್ವ" ಅಂದರು.

ಬಿದ್ದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ನನ್ನ ಕೈಯಿಂದಲೂ ಬೀಳಬಹುದಿತ್ತು. ಡಾಕ್ಟರ ಮುಂದೆ ಆಡಿದ್ದು ಸುಳ್ಳು ಅಂತ ನಮ್ಮ ಯಜಮಾನರಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. ಅವರು ಒಲೆಗೆ ಸೌದೆ ತುರುಕುತ್ತಾ ಕೂತರು.

ಕೊನೆಗೆ ನಾನೇ ಗಂಡನಿಗೆ ಹೇಳಿದೆ.

"ಆಯಮ್ಮ ಯಾಕೆ ಸುಳ್ಳು ಹೇಳ್ತಾರೆ? ಇನ್ಮೇಲಾದ್ರೂ ಮಗೂನ ಸರಿಯಾಗಿ ನೋಡ್ಕೋ" ಅಂದರು.

ಅವತ್ತಿನಿಂದ ಮಗನಿಗೆ ನಾನೇ ನೀರು ಹಾಕಿದೆ. ಅಕ್ಕ ಬಂದಾಗ ಕೂರಲು ಮಣೆ ಕೊಟ್ಟೆ, ಕಾಫಿ ಕೊಟ್ಟೆ. ಮಗನನ್ನು ಕೊಡಲಿಲ್ಲ.

ಮುಂದಿನ ವರ್ಷ ಅವರ ಯಜಮಾನರಿಗೆ ವನಗೂರು ಕಡೆಯ ಎಸ್ಟೇಟ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಕ್ಕ ಕೈ ಚಾಚಿದರು, ಮಗ ನಗುತ್ತಾ ಹೋಗಿಬಿಟ್ಟ. ಅಪ್ಪಿಕೊಂಡು ಅತ್ತರು. ಅದು ನಾಟಕವಾಗಿರಲಿಲ್ಲ. ನನ್ನ ಗಂಡ ಅಲ್ಲೇ ನಿಂತಿದ್ದರು. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಸಾಮಾನು ತುಂಬಿದ ಲಾರಿ ಹಾರನ್ ಹೊಡೆಯಿತು. ಮಗನನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿ ಕೂತರು.